ಸೌರಶಕ್ತಿಯ ಮನೆ: ಕಟ್ಟುವ ಮುನ್ನ, ಕೊಳ್ಳುವ ಮುನ್ನ

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಮನೆಯ ಛಾವಣಿಯ ಮೇಲೆ ಸೌರಫಲಕ ಅಳವಡಿಸಿಕೊಳ್ಳುವ ಕುಟುಂಬಗಳಿಗೆ ಕೇಂದ್ರ ಸರ್ಕಾರವು ಸಹಾಯಧನ ನೀಡುತ್ತಿರುವುದು ಸದಸ್ಯರಿಗೆ ತಿಳಿದ ವಿಷಯ. ಮಾರಾಟಗಾರನು ಮನೆಬಾಗಿಲಿಗೆ ಬಂದಾಗ ಬಹಳಷ್ಟು ಕುಟುಂಬಗಳು ಮೊದಲು ಸಲಹೆ ಕೇಳುವುದು ತಮ್ಮ ವಾರ್ಡಿನ ಸದಸ್ಯರನ್ನು. ಆಗ ಸದಸ್ಯರು ಕೊಡುವ ಉತ್ತರದ ಮೇಲೆ ಒಂದು ಕುಟುಂಬದ ಐದಾರು ವರ್ಷಗಳ ಸಾಲದ ಕಂತು ನಿಂತಿರುತ್ತದೆ. ಎಲ್ಲ ಮನೆಗೂ ಒಂದೇ ಬಗೆಯ ಘಟಕ ಹೊಂದುವುದಿಲ್ಲ. ಕೆಲವು ಮನೆಗಳಿಗೆ ಸದ್ಯಕ್ಕೆ ಘಟಕವೇ ಬೇಕಾಗುವುದಿಲ್ಲ. ಯಾವ ಮನೆಗೆ ಯಾವುದು ತಕ್ಕದ್ದು ಎಂಬುದನ್ನು ಗುರುತಿಸುವ ಕ್ರಮವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಇದು ಪಂಚಾಯತಿಯ ಹೊಣೆಗೆ ಹೊರತಾದ ವಿಷಯವಲ್ಲ. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿದ್ದು, ಅವುಗಳಲ್ಲಿ 14ನೆಯದು ಗ್ರಾಮೀಣ ವಿದ್ಯುದೀಕರಣ, 15ನೆಯದು ಅಸಾಂಪ್ರದಾಯಿಕ ಇಂಧನ ಮೂಲಗಳು.

1. ಕರ್ನಾಟಕದ ಅನುಭವ

ಸೌರದೀಪವು ನಮ್ಮ ಭಾಗಕ್ಕೆ ಹೊಸದಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ವಿದ್ಯುತ್ ತಲುಪದ ಮನೆಗಳಿಗೆ ಸಣ್ಣ ಸೌರದೀಪ ಘಟಕಗಳನ್ನು ಒದಗಿಸತೊಡಗಿತು. ಆಗ ಇದ್ದ ಮುಖ್ಯ ತೊಡಕು ಹಣದ್ದು. ಕೂಲಿಕಾರ, ಸಣ್ಣ ರೈತ, ಬೀದಿಬದಿಯ ವ್ಯಾಪಾರಿ ಇವರಾರೂ ಘಟಕದ ಪೂರ್ಣ ಬೆಲೆಯನ್ನು ಒಮ್ಮೆಲೇ ಕೊಡಲಾರರು. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕ್ 1990ರ ದಶಕದಲ್ಲಿಯೇ ಸೌರದೀಪಕ್ಕೆ ಸಾಲ ಕೊಡಲು ಮುಂದೆ ಬಂದಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನೊಡನೆ ಕೆನರಾ ಬ್ಯಾಂಕ್ ಹಾಗೂ ಸಿಂಡಿಕೇಟ್ ಬ್ಯಾಂಕ್ ಇದೇ ಬಗೆಯ ಸಾಲವನ್ನು ದಕ್ಷಿಣ ಭಾರತದಲ್ಲಿ ವಿಸ್ತರಿಸಿದವು. ಸೆಲ್ಕೋ ಸಂಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಈ ಅನುಭವದಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು, ಸಾಲದ ಕಂತು ಕುಟುಂಬದ ಆದಾಯ ಬರುವ ಕಾಲಕ್ಕೆ ಹೊಂದಿರಬೇಕು. ಕಬ್ಬು ಬೆಳೆಯುವವನಿಗೆ ಕಾರ್ಖಾನೆಯ ಬಿಲ್ಲು ವರ್ಷಕ್ಕೆ ಒಂದೆರಡು ಸಲ ಕೈಸೇರುತ್ತದೆ; ಹೈನು ಮಾಡುವವರಿಗೆ ಹಾಲಿನ ಹಣ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ. ಇಬ್ಬರಿಗೂ ಒಂದೇ ಬಗೆಯ ಕಂತು ಸರಿಬರದು. ಎರಡನೆಯದು, ದುರಸ್ತಿ ಮಾಡುವವನು ಹತ್ತಿರದಲ್ಲಿ ಇರಬೇಕು. ಬಿಹಾರದ ಧರನಾಯಿ ಗ್ರಾಮದಲ್ಲಿ 2014ರಲ್ಲಿ 100 ಕಿಲೋವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಕಿರುಜಾಲ ಆರಂಭವಾದಾಗ ದೇಶವೇ ಅದರತ್ತ ನೋಡಿತು. ಕೆಲವೇ ವರ್ಷಗಳಲ್ಲಿ ಬ್ಯಾಟರಿಗಳು ಕೆಟ್ಟವು, ಅಷ್ಟರಲ್ಲಿ ಸರ್ಕಾರಿ ವಿದ್ಯುತ್ ಸಂಪರ್ಕವೂ ಊರಿಗೆ ಬಂದಿತ್ತು, ಕಿರುಜಾಲ ನಿಷ್ಕ್ರಿಯವಾಯಿತು. ಬ್ಯಾಟರಿ ಬದಲಾಯಿಸುವ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಘಟಕ ಹಾಕುವ ದಿನವೇ ಕೇಳಬೇಕೆಂಬುದನ್ನು ಈ ಉದಾಹರಣೆ ತೋರಿಸುತ್ತದೆ.

2. ನಮ್ಮ ಭಾಗದ ಮನೆಗಳು

ರಾಯಬಾಗ ತಾಲೂಕಿನ ಪಾಲಬಾವಿ ಹಾಗೂ ಸುತ್ತಲಿನ ಊರುಗಳಲ್ಲಿ, ಅದರಂತೆಯೇ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ತಾಲೂಕುಗಳಲ್ಲಿಯೂ, ಮನೆಗಳನ್ನು ಛಾವಣಿಯ ದೃಷ್ಟಿಯಿಂದ ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಅ) ಆರ್‌ಸಿಸಿ ಛಾವಣಿಯ ಮನೆ. ಫಲಕ ಕೂರಿಸಲು ಇದು ಅತ್ಯಂತ ಅನುಕೂಲ.

ಆ) ಪತ್ರಾಸು ಅಥವಾ ಹಂಚಿನ ಮನೆ. ಪತ್ರಾಸಿನ ಕೆಳಗಿನ ಕಬ್ಬಿಣದ ಅಥವಾ ಕಟ್ಟಿಗೆಯ ಚೌಕಟ್ಟು ಗಟ್ಟಿಯಾಗಿದ್ದರೆ ಮಾತ್ರ ಫಲಕ ಕೂರಿಸಬಹುದು. ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಯಲ್ಲಿ ಫಲಕವು ಗಾಳಿಯನ್ನು ತಡೆದು ಪತ್ರಾಸನ್ನೇ ಕಿತ್ತುಕೊಂಡು ಹಾರುವ ಅಪಾಯವಿರುತ್ತದೆ.

ಇ) ಹಳೆಯ ಮಣ್ಣಿನ ಮಾಳಿಗೆಯ ಮನೆ. ಇಲ್ಲಿ ತೊಲೆ, ಜಂತಿಗಳು ಈಗಾಗಲೇ ಮಣ್ಣಿನ ಭಾರ ಹೊತ್ತಿರುತ್ತವೆ. ಮಾಳಿಗೆಗೆ ರಂಧ್ರ ಕೊರೆದರೆ ಮಳೆನೀರು ಇಳಿದು ಜಂತಿ ಕೊಳೆಯುತ್ತದೆ. ಇಂಥ ಮನೆಗೆ ಅಂಗಳದಲ್ಲಿ ಕಬ್ಬಿಣದ ಕಂಬಗಳ ಮೇಲೆ ಎತ್ತರದ ಚೌಕಟ್ಟು ನಿಲ್ಲಿಸುವುದೇ ಸುರಕ್ಷಿತ ಮಾರ್ಗ.

ಛಾವಣಿಗಿಂತಲೂ ಮುಖ್ಯವಾದ ಇನ್ನೊಂದು ಭೇದವಿದೆ: ಊರೊಳಗಿನ ಮನೆ ಮತ್ತು ತೋಟದ ಮನೆ. ಈ ಭಾಗದಲ್ಲಿ ಅನೇಕ ಕುಟುಂಬಗಳು ಊರು ಬಿಟ್ಟು ತಮ್ಮ ತಮ್ಮ ತೋಟಗಳಲ್ಲಿಯೇ ನೆಲೆಸಿವೆ. ತೋಟದ ಹೆಸರಿನಲ್ಲಿಯೇ ಸರ್ಕಾರಿ ಪ್ರಾಥಮಿಕ ಶಾಲೆಗಳಿವೆ. ನಿರಂತರ ಜ್ಯೋತಿ ಯೋಜನೆಯು ಊರಿನ ಮನೆಗಳ ವಿದ್ಯುತ್ ಮಾರ್ಗವನ್ನು ಪಂಪ್‌ಸೆಟ್ ಮಾರ್ಗದಿಂದ ಬೇರ್ಪಡಿಸಿತು. ಆದರೆ ಪಂಪ್‌ಸೆಟ್ ಮಾರ್ಗದ ಮೇಲೆಯೇ ಉಳಿದ ತೋಟದ ಮನೆಗಳಿಗೆ ಕರೆಂಟು ಬರುವುದು ಪಂಪ್‌ಸೆಟ್‌ಗೆ ಬರುವ ವೇಳಾಪಟ್ಟಿಯಂತೆ. ರಾತ್ರಿ ಹಾವು ಚೇಳಿನ ಭಯ, ಮಕ್ಕಳ ಓದು, ಕೊಟ್ಟಿಗೆಯಲ್ಲಿ ಕರು ಹಾಕುವ ಎಮ್ಮೆ ಇವೆಲ್ಲ ಈ ವೇಳಾಪಟ್ಟಿಗೆ ಕಾಯುವುದಿಲ್ಲ. ಆದ್ದರಿಂದ ಊರೊಳಗಿನ ಮನೆಯು ಸೌರಶಕ್ತಿಯಿಂದ ಬಯಸುವುದು ಬಿಲ್ಲಿನ ಉಳಿತಾಯ. ತೋಟದ ಮನೆಯು ಬಯಸುವುದು ಬೆಳಕು. ಈ ಭೇದವನ್ನು ಮರೆತು ಕೊಟ್ಟ ಸಲಹೆ ಕುಟುಂಬಕ್ಕೆ ನಷ್ಟ ತರುತ್ತದೆ.

3. ಮನೆ ಕಟ್ಟುವಾಗಲೇ ಮಾಡಬೇಕಾದ ಸಿದ್ಧತೆ

ಪಾಲಬಾವಿ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 16.5 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ತಿಂಗಳ ಮಧ್ಯಾಹ್ನ ಸೂರ್ಯನು ದಕ್ಷಿಣಕ್ಕೆ ವಾಲಿ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಇದರಿಂದ ಮೂರು ವಿಷಯಗಳು ತಿಳಿಯುತ್ತವೆ. ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಇಳಿಜಾರಿನಲ್ಲಿರಬೇಕು. ಬೇಸಿಗೆಯಲ್ಲಿ ಮನೆಯನ್ನು ಹೆಚ್ಚು ಕಾಯಿಸುವುದು ಛಾವಣಿ, ಅನಂತರ ಪೂರ್ವ ಪಶ್ಚಿಮದ ಗೋಡೆಗಳು. ಕಿಟಕಿಗಳನ್ನು ಉತ್ತರ ದಕ್ಷಿಣಕ್ಕೆ ಇಟ್ಟು ಮೇಲೆ ಸಜ್ಜಾ ಕೊಟ್ಟರೆ ಸೆಕೆ ಕಡಿಮೆಯಾಗುತ್ತದೆ.

ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗಳು ಬೇಸಿಗೆಯಲ್ಲಿ ತಂಪಾಗಿರುತ್ತಿದ್ದುದು ಹಿರಿಯರೆಲ್ಲರಿಗೂ ತಿಳಿದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಈ ತಿಳಿವನ್ನು ಮುಂದುವರಿಸಿ, ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಒತ್ತಿ ಮಾಡಿದ, ಸುಡಬೇಕಾಗಿಲ್ಲದ ಇಟ್ಟಿಗೆಗಳನ್ನು ರೂಢಿಗೆ ತಂದಿತು. ಅಸ್ತ್ರ ಒಲೆ ಕೂಡ ಇದೇ ಕೇಂದ್ರದ ಕೊಡುಗೆ. ಆರ್‌ಸಿಸಿ ಛಾವಣಿಗೆ ಬೇಸಿಗೆಗೆ ಮುನ್ನ ಬಿಳಿ ಸುಣ್ಣ ಬಳಿಯುವುದೂ, ಕೋಣೆಗೊಂದು ಬೆಳಕಿಂಡಿ ಇಡುವುದೂ ಕಡಿಮೆ ಖರ್ಚಿನ ಉಪಾಯಗಳು. ಫ್ಯಾನು ಮತ್ತು ದೀಪದ ಬಳಕೆ ಇಳಿದಷ್ಟೂ ಸೌರಘಟಕದ ಗಾತ್ರವೂ ಬೆಲೆಯೂ ಇಳಿಯುತ್ತವೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಮೇರೆಗೆ ಗ್ರಾಮ ಪಂಚಾಯತಿಯ ವ್ಯಾಪ್ತಿಯಲ್ಲಿ ಮನೆ ಕಟ್ಟಲು ಪಂಚಾಯತಿಯ ಪರವಾನಿಗೆ ಬೇಕು. ಪರವಾನಿಗೆಗೆ ಬಂದ ಕುಟುಂಬಕ್ಕೆ, ವಸತಿ ಯೋಜನೆಯ ಫಲಾನುಭವಿಗೂ ಸಹ, ಈ ನಾಲ್ಕು ಸಲಹೆಗಳನ್ನು ಅದೇ ದಿನ ತಿಳಿಸುವುದು ಸೂಕ್ತ:

• ಛಾವಣಿಯ ಮೇಲೆ ನೆರಳು ಬೀಳದ ಕನಿಷ್ಠ 200 ಚದರಡಿ ಜಾಗವನ್ನು ಬಿಡಬೇಕು. 1 ಕಿಲೋವ್ಯಾಟ್ ಘಟಕಕ್ಕೆ ಸುಮಾರು 100 ಚದರಡಿ ಬೇಕು.
• ನೀರಿನ ಟಾಕಿಯನ್ನು ಛಾವಣಿಯ ಉತ್ತರ ಬದಿಗೆ ಇಡಬೇಕು. ದಕ್ಷಿಣಕ್ಕಿಟ್ಟರೆ ಅದರ ನೆರಳು ಫಲಕದ ಮೇಲೆ ಬೀಳುತ್ತದೆ.
• ಸ್ಲ್ಯಾಬ್ ಹಾಕುವಾಗಲೇ ಕೇಬಲ್ ಇಳಿಸಲು ಒಂದು ಪೈಪನ್ನು ಕೂರಿಸಬೇಕು. ಅನಂತರ ಸ್ಲ್ಯಾಬ್ ಕೊರೆಯುವುದಕ್ಕಿಂತ ಇದಕ್ಕೆ ತಗಲುವ ವೆಚ್ಚ ತೀರ ಅಲ್ಪ.
• ಛಾವಣಿಗೆ ಹತ್ತಲು ಮೆಟ್ಟಿಲು ಇರಬೇಕು. ಹತ್ತಲು ದಾರಿಯಿಲ್ಲದ ಫಲಕವನ್ನು ಯಾರೂ ಒರೆಸುವುದಿಲ್ಲ.

4. ಊರೊಳಗಿನ ಮನೆ: ಬಿಲ್ಲಿನ ಲೆಕ್ಕ

ಪಿಎಂ ಸೂರ್ಯಘರ್ ಮುಫ್ತ್ ಬಿಜ್ಲಿ ಯೋಜನೆಯು 2024ರ ಫೆಬ್ರುವರಿಯಲ್ಲಿ ಆರಂಭವಾಯಿತು. 1 ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಗಳ ವೆಚ್ಚ, 2026-27ನೇ ಸಾಲಿನವರೆಗಿನ ಅವಧಿ ಇದಕ್ಕೆ ನಿಗದಿಯಾಗಿದೆ. ಸಹಾಯಧನವು 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಕಿಲೋವ್ಯಾಟ್ ಹಾಗೂ ಮೇಲ್ಪಟ್ಟ ಘಟಕಕ್ಕೆ 78,000 ರೂಪಾಯಿ. ದೇಶದಲ್ಲಿಯೇ ತಯಾರಾದ ಫಲಕಗಳನ್ನು, ನೋಂದಾಯಿತ ಮಾರಾಟಗಾರರ ಮೂಲಕ ಹಾಕಿಸಬೇಕು. ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಘಟಕವನ್ನು ಹೆಸ್ಕಾಂ ಪರಿಶೀಲಿಸಿ ಚಾಲನೆಗೆ ಬಂದ ಮೇಲೆ ಸಹಾಯಧನವು ಗ್ರಾಹಕರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಸಹಾಯಧನ ಮಂಜೂರು ಮಾಡಿಸಿಕೊಡುವುದಾಗಿ ಮುಂಗಡ ಹಣ ಕೇಳುವವರನ್ನು ನಂಬಬಾರದೆಂದು ವಾರ್ಡ್ ಸಭೆಯಲ್ಲಿ ಸ್ಪಷ್ಟವಾಗಿ ತಿಳಿಸಬೇಕು.

ಈ ಯೋಜನೆಯಡಿ ಬರುವುದು ವಿದ್ಯುತ್ ಮಾರ್ಗಕ್ಕೆ ಜೋಡಿಸಿದ ಆನ್‌ಗ್ರಿಡ್ ಘಟಕ. ಹಗಲು ಮನೆಯ ಬಳಕೆಗಿಂತ ಹೆಚ್ಚಾದ ವಿದ್ಯುತ್ತು ಹೆಸ್ಕಾಂ ಮಾರ್ಗಕ್ಕೆ ಹೋಗುತ್ತದೆ. ರಾತ್ರಿ ಬೇಕಾದದ್ದು ಅಲ್ಲಿಂದ ಬರುತ್ತದೆ. ಎರಡರ ಲೆಕ್ಕವನ್ನೂ ನೆಟ್ ಮೀಟರ್ ಇಡುತ್ತದೆ. 1 ಕಿಲೋವ್ಯಾಟ್ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ಅಂದರೆ ತಿಂಗಳಿಗೆ ಸುಮಾರು 120 ಯೂನಿಟ್ ಉತ್ಪಾದಿಸುತ್ತದೆ. ಮಳೆಗಾಲದ ಮೋಡದ ದಿನಗಳಲ್ಲಿ ಇದು ಇಳಿಯುತ್ತದೆ.

ಇಲ್ಲಿ ಗೃಹಜ್ಯೋತಿ ಯೋಜನೆಯನ್ನು ಜೊತೆಗಿಟ್ಟು ನೋಡುವುದು ಅವಶ್ಯ. 2023ರ ಜುಲೈ 1ರಿಂದ ಜಾರಿಯಲ್ಲಿರುವ ಈ ಯೋಜನೆಯಂತೆ, ಕುಟುಂಬದ 2022-23ನೇ ಸಾಲಿನ ಸರಾಸರಿ ಬಳಕೆಗೆ ನಿಗದಿತ ಹೆಚ್ಚುವರಿ ಭಾಗವನ್ನು ಸೇರಿಸಿದ ಪ್ರಮಾಣದವರೆಗೆ ವಿದ್ಯುತ್ ಉಚಿತ. ಅದನ್ನು ಮೀರಿ 200 ಯೂನಿಟ್ ಒಳಗಿದ್ದರೆ ಮೀರಿದ ಭಾಗಕ್ಕೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಎರಡು ಮನೆಗಳನ್ನು ಮಾದರಿಗಾಗಿ ಕಲ್ಪಿಸಿಕೊಳ್ಳೋಣ.

ಮೊದಲ ಮನೆ: ತಿಂಗಳಿಗೆ 60 ಯೂನಿಟ್ ಬಳಕೆ. ಬಿಲ್ಲು ಶೂನ್ಯ. ಈ ಕುಟುಂಬವು ಸಾಲ ಮಾಡಿ 3 ಕಿಲೋವ್ಯಾಟ್ ಘಟಕ ಹಾಕಿಸಿದರೆ ಬಿಲ್ಲಿನಲ್ಲಿ ಉಳಿಸಲು ಏನೂ ಇಲ್ಲ. ಕಂತು ಮಾತ್ರ ಹೊಸದಾಗಿ ಸೇರುತ್ತದೆ. ಇಂಥವರಿಗೆ ಆತುರ ಬೇಡವೆಂದು ಹೇಳುವುದೇ ಸದಸ್ಯರ ಪ್ರಾಮಾಣಿಕ ಸಲಹೆ.

ಎರಡನೆಯ ಮನೆ: ಕೂಡುಕುಟುಂಬ, ಫ್ರಿಜ್, ಮೇವು ಕತ್ತರಿಸುವ ಯಂತ್ರ, ಮನೆಬಳಕೆಯ ಬೋರ್‌ವೆಲ್ ಮೋಟಾರು ಸೇರಿ ತಿಂಗಳಿಗೆ 250 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದು ಇಟ್ಟುಕೊಂಡರೆ ಬಿಲ್ಲು 1,500 ರೂಪಾಯಿ. ನಿಗದಿತ ಶುಲ್ಕ ಬೇರೆ. 2 ಕಿಲೋವ್ಯಾಟ್ ಘಟಕದಿಂದ ಸುಮಾರು 240 ಯೂನಿಟ್ ದೊರೆತರೆ ತಿಂಗಳಿಗೆ 1,440 ರೂಪಾಯಿಗಳಷ್ಟು ಉಳಿತಾಯ. ಘಟಕದ ಬೆಲೆ 1,20,000 ರೂಪಾಯಿ ಎಂದುಕೊಂಡರೆ ಸಹಾಯಧನ ಕಳೆದು ಕುಟುಂಬದ ಪಾಲು 60,000 ರೂಪಾಯಿ. ಸಾಲದ ಬಡ್ಡಿಯನ್ನು ಬಿಟ್ಟು ನೋಡಿದರೆ ಇದು ಸುಮಾರು ಮೂರೂವರೆ ವರ್ಷಗಳಲ್ಲಿ ಮರಳುತ್ತದೆ. ಫಲಕಗಳ ಬಾಳಿಕೆ ಸುಮಾರು 25 ವರ್ಷ. ಇಂಥ ಮನೆಗೆ ಘಟಕ ನಿಶ್ಚಯವಾಗಿ ಲಾಭದಾಯಕ.

ಗೃಹಜ್ಯೋತಿಯ ಪ್ರಯೋಜನ ಪಡೆಯುತ್ತಿರುವವರು ಅರ್ಜಿ ಸಲ್ಲಿಸುವ ಮೊದಲು ಕಳೆದ 12 ತಿಂಗಳ ಬಿಲ್ಲುಗಳೊಡನೆ ಹೆಸ್ಕಾಂ ಉಪವಿಭಾಗಕ್ಕೆ ಹೋಗಿ ತಮ್ಮ ಲೆಕ್ಕವನ್ನು ಬರೆಸಿಕೊಂಡು ಬರುವುದು ಕ್ಷೇಮ.

5. ತೋಟದ ಮನೆ: ಬೆಳಕಿನ ಲೆಕ್ಕ

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಆನ್‌ಗ್ರಿಡ್ ಘಟಕವು ಮಾರ್ಗದಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ಛಾವಣಿಯ ವಿದ್ಯುತ್ತು ಹರಿದು ಪ್ರಾಣಾಪಾಯವಾಗಬಾರದೆಂದು ಇನ್ವರ್ಟರ್ ಅನ್ನು ಹಾಗೆಯೇ ರೂಪಿಸಲಾಗಿದೆ. ಪರಿಣಾಮವಾಗಿ, ದಿನಕ್ಕೆ ಕೆಲವೇ ತಾಸು ಕರೆಂಟು ಇರುವ ತೋಟದ ಮನೆಯಲ್ಲಿ ಆನ್‌ಗ್ರಿಡ್ ಘಟಕ ಹಾಕಿದರೆ ನೆತ್ತಿಯ ಮೇಲೆ ಬಿಸಿಲಿದ್ದರೂ ಫಲಕ ಸುಮ್ಮನಿರುತ್ತದೆ. ರಾತ್ರಿಯ ಕತ್ತಲೆಯೂ ಹಾಗೆಯೇ ಉಳಿಯುತ್ತದೆ.

ತೋಟದ ಮನೆಗೆ ಬೇಕಾದುದು ಬ್ಯಾಟರಿಯುಳ್ಳ ಸಣ್ಣ ಆಫ್‌ಗ್ರಿಡ್ ಘಟಕ, ಅಥವಾ ಅನುಕೂಲವಿದ್ದವರಿಗೆ ಬ್ಯಾಟರಿಯುಳ್ಳ ಹೈಬ್ರಿಡ್ ಘಟಕ. ಸೂರ್ಯಘರ್ ಸಹಾಯಧನ ಇರುವುದು ಮಾರ್ಗಕ್ಕೆ ಜೋಡಿಸಿದ ಘಟಕಕ್ಕೆ. ಬ್ಯಾಟರಿಯ ವೆಚ್ಚವನ್ನು ಕುಟುಂಬವೇ ಭರಿಸಬೇಕು. ಆದ್ದರಿಂದ ಗಾತ್ರವನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಒಂದು ಸಾಮಾನ್ಯ ಮನೆಯ ಲೆಕ್ಕ ಹೀಗಿದೆ:

• 5 ವ್ಯಾಟ್‌ನ 4 ಎಲ್‌ಇಡಿ ದೀಪ, 5 ತಾಸು: 100 ವ್ಯಾಟ್-ಅವರ್
• 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು, 8 ತಾಸು: 240 ವ್ಯಾಟ್-ಅವರ್
• 40 ವ್ಯಾಟ್‌ನ ಟಿವಿ, 3 ತಾಸು: 120 ವ್ಯಾಟ್-ಅವರ್
• ಮೊಬೈಲ್ ಚಾರ್ಜು: 20 ವ್ಯಾಟ್-ಅವರ್

ಒಟ್ಟು 480 ವ್ಯಾಟ್-ಅವರ್, ಅಂದರೆ ದಿನಕ್ಕೆ ಸುಮಾರು ಅರ್ಧ ಯೂನಿಟ್. ಇದಕ್ಕೆ 200 ವ್ಯಾಟ್ ಫಲಕ ಸಾಕು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಸಂಗ್ರಹವಾಗುತ್ತದೆ. ಅದರ ಅರ್ಧದಷ್ಟನ್ನು ಮಾತ್ರ ಬಳಸಿದರೆ ಬ್ಯಾಟರಿ ಬಾಳುತ್ತದೆ, ಸುಮಾರು ಎರಡು ಮೋಡದ ದಿನಗಳನ್ನೂ ದಾಟಿಸುತ್ತದೆ. ಇದೇ ಮನೆಯಲ್ಲಿ 75 ವ್ಯಾಟ್‌ನ ಹಳೆಯ ಫ್ಯಾನು ಇದ್ದಿದ್ದರೆ ಫ್ಯಾನಿಗೊಂದಕ್ಕೇ 600 ವ್ಯಾಟ್-ಅವರ್ ಬೇಕಾಗುತ್ತಿತ್ತು. ಮೊದಲು ಫ್ಯಾನು ಬದಲಾಯಿಸಿ ಅನಂತರ ಫಲಕ ಕೊಳ್ಳುವುದು ಅಗ್ಗದ ಮಾರ್ಗ. ಇಸ್ತ್ರಿ, ಗೀಸರ್, ವಿದ್ಯುತ್ ಒಲೆ ಇವುಗಳನ್ನು ಇಂಥ ಘಟಕಕ್ಕೆ ಜೋಡಿಸಬಾರದು.

ಸೀಸ-ಆಮ್ಲದ ಬ್ಯಾಟರಿ ಸಾಮಾನ್ಯವಾಗಿ 4-5 ವರ್ಷ ಬಾಳುತ್ತದೆ. ಅದರ ಬದಲಿಗಾಗಿ ಮೊದಲ ತಿಂಗಳಿನಿಂದಲೇ ಸ್ವಲ್ಪ ಹಣವನ್ನು ಸ್ವಸಹಾಯ ಸಂಘದಲ್ಲಿ ಉಳಿತಾಯ ಮಾಡುವಂತೆ ಮನೆಯ ಹೆಣ್ಣುಮಕ್ಕಳಿಗೆ ತಿಳಿಸಿದರೆ ಐದನೆಯ ವರ್ಷ ಮನೆ ಕತ್ತಲಾಗುವುದಿಲ್ಲ.

6. ನಿರ್ವಹಣೆ ಮತ್ತು ಸುರಕ್ಷತೆ

ಕಬ್ಬಿನ ರವದಿ ಸುಡುವ ಕಾಲದಲ್ಲಿ ಕರಿಬೂದಿಯೂ ಬೇಸಿಗೆಯಲ್ಲಿ ರಸ್ತೆಯ ಧೂಳೂ ಫಲಕದ ಮೇಲೆ ಕೂತು ಉತ್ಪಾದನೆಯನ್ನು ಇಳಿಸುತ್ತವೆ. ಹದಿನೈದು ದಿನಕ್ಕೊಮ್ಮೆ, ಮುಂಜಾನೆ ಫಲಕ ತಣ್ಣಗಿರುವಾಗ, ಮೆತ್ತನೆಯ ಬಟ್ಟೆ ಮತ್ತು ಸಿಹಿನೀರಿನಿಂದ ಒರೆಸಬೇಕು. ಸವುಳು ನೀರು ಬಿಳಿ ಕಲೆ ಬಿಡುತ್ತದೆ. ಕಾದ ಫಲಕಕ್ಕೆ ತಣ್ಣೀರು ಸುರಿಯಬಾರದು. ಒಂದು ಫಲಕದ ಮೂಲೆಗೆ ಬಿದ್ದ ನೆರಳು ಸಾಲಿನ ಇತರ ಫಲಕಗಳ ಉತ್ಪಾದನೆಯನ್ನೂ ಕುಗ್ಗಿಸಬಲ್ಲದು. ಆದರೂ ಬೇವು, ಹುಣಸೆ ಮರವನ್ನು ಕಡಿಯುವ ಬದಲು ಫಲಕದ ಜಾಗ ಬದಲಿಸುವುದು ಮೇಲು.

ಕೇಬಲ್ ಮತ್ತು ಇನ್ವರ್ಟರ್ ಸಮೀಪ ಕಣಕಿ ಬಣವೆ, ಹೊಟ್ಟು ಇಡಬಾರದು. ಸಡಿಲವಾದ ಜೋಡಣೆಯಿಂದ ಹಾರುವ ಕಿಡಿ ಬಣವೆಗೆ ತಗಲುವ ಅಪಾಯವಿದೆ. ಅರ್ತಿಂಗ್ ಮತ್ತು ಮಿಂಚುನಿರೋಧಕ ಕಡ್ಡಾಯವಾಗಿ ಇರಬೇಕು. ಕೃಷ್ಣಾ ತೀರದ ಊರುಗಳಲ್ಲಿ 2005, 2019 ಹಾಗೂ 2021ರ ಪ್ರವಾಹದ ನೀರು ಏರಿದ ಗುರುತಿಗಿಂತ ಮೇಲೆ ಇನ್ವರ್ಟರ್ ಮತ್ತು ಬ್ಯಾಟರಿ ಇಡಬೇಕು. ನೀರು ನುಗ್ಗಿದ ಮನೆಯಲ್ಲಿ ಹೆಸ್ಕಾಂ ಕರೆಂಟು ನಿಂತಿದ್ದರೂ ಬಿಸಿಲಿರುವಾಗ ಫಲಕದ ತಂತಿಗಳಲ್ಲಿ ವಿದ್ಯುತ್ತು ಇರುತ್ತದೆ ಎಂಬ ಎಚ್ಚರಿಕೆಯನ್ನು ಪ್ರತಿ ಮನೆಗೂ ಮುಟ್ಟಿಸಬೇಕು.

7. ಗ್ರಾಮ ಪಂಚಾಯತಿಯ ಕೆಲಸ

ಗುಜರಾತಿನ ಮೊಧೇರಾ ಗ್ರಾಮವನ್ನು 2022ರ ಅಕ್ಟೋಬರ್ 9ರಂದು ಸೌರಗ್ರಾಮವೆಂದು ಘೋಷಿಸಲಾಯಿತು. ಅಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳ ಛಾವಣಿಗೆ ಫಲಕಗಳಿದ್ದು, ಜೊತೆಗೆ ಪ್ರತ್ಯೇಕ ಸೌರಸ್ಥಾವರವೂ ಬ್ಯಾಟರಿ ಸಂಗ್ರಹವೂ ಇವೆ. ಸೂರ್ಯಘರ್ ಯೋಜನೆಯಲ್ಲಿಯೂ ಜಿಲ್ಲೆಗೊಂದು ಮಾದರಿ ಸೌರಗ್ರಾಮಕ್ಕೆ ಅವಕಾಶವಿದೆ. 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಕಂದಾಯ ಗ್ರಾಮಗಳ ನಡುವೆ ಸ್ಪರ್ಧೆ ನಡೆದು, ಗೆದ್ದ ಗ್ರಾಮಕ್ಕೆ 1 ಕೋಟಿ ರೂಪಾಯಿ ಅನುದಾನ ದೊರೆಯುತ್ತದೆ. ಇದಲ್ಲದೆ, ತನ್ನ ವ್ಯಾಪ್ತಿಯಲ್ಲಿ ಅಳವಡಿಕೆಯಾದ ಪ್ರತಿ ಮನೆಯ ಘಟಕಕ್ಕೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನವಿದೆ. ಈ ಪ್ರೋತ್ಸಾಹಧನವು ಬೇಡದ ಮನೆಗೂ ಘಟಕ ಹಾಕಿಸುವ ಆತುರಕ್ಕೆ ಕಾರಣವಾಗದಂತೆ ಸದಸ್ಯರು ನೋಡಿಕೊಳ್ಳಬೇಕು.

ಮುಂದಿನ ಮೂರು ತಿಂಗಳಲ್ಲಿ ಕೈಗೊಳ್ಳಬಹುದಾದ ಕ್ರಮಗಳು:

1) ವಾರ್ಡುವಾರು ಮನೆಗಳ ಪಟ್ಟಿ ಮಾಡಿ ಮೂರು ಗುಂಪಾಗಿ ವಿಂಗಡಿಸುವುದು: 200 ಯೂನಿಟ್ ಮೀರಿದ ಊರೊಳಗಿನ ಮನೆಗಳು, ಪಂಪ್‌ಸೆಟ್ ಮಾರ್ಗದ ತೋಟದ ಮನೆಗಳು, ಸದ್ಯಕ್ಕೆ ಘಟಕ ಬೇಡದ ಮನೆಗಳು.
2) ತೋಟದ ಮನೆಗಳ ಪಟ್ಟಿಯನ್ನು ಗ್ರಾಮ ಸಭೆಯ ಠರಾವಿನೊಡನೆ ಹೆಸ್ಕಾಂಗೆ ಕಳುಹಿಸುವುದು. ಸೌರಘಟಕ ಹಾಕಿಸಿಕೊಂಡ ಮಾತ್ರಕ್ಕೆ ಮನೆಬಳಕೆಯ ವಿದ್ಯುತ್ ಪೂರೈಕೆಯ ಬೇಡಿಕೆಯನ್ನು ಕೈಬಿಡಬೇಕಾಗಿಲ್ಲ.
3) ಬ್ಯಾಂಕಿನ ಶಾಖಾ ವ್ಯವಸ್ಥಾಪಕರನ್ನು ಗ್ರಾಮ ಸಭೆಗೆ ಕರೆದು, ಕಬ್ಬಿನ ಬಿಲ್ಲಿನ ಕಾಲಕ್ಕೆ ಹೊಂದುವ ಕಂತಿನ ಬಗ್ಗೆ ಚರ್ಚಿಸುವುದು.
4) ಐಟಿಐ ಮುಗಿಸಿದ ಇಬ್ಬರು ಯುವಕ ಯುವತಿಯರನ್ನು ಗುರುತಿಸಿ ದುರಸ್ತಿ ತರಬೇತಿಗೆ ಕಳುಹಿಸುವುದು.
5) ಪಂಚಾಯತಿ ಕಟ್ಟಡ, ಬೀದಿದೀಪ, ಕುಡಿಯುವ ನೀರಿನ ಪಂಪುಗಳ ಒಂದು ವರ್ಷದ ಬಿಲ್ಲನ್ನು ಸಭೆಯ ಮುಂದಿಟ್ಟು, ಎಲ್ಲಿ ಸೌರಘಟಕ ಲಾಭದಾಯಕವೆಂದು ನಿರ್ಣಯಿಸಿ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ಪಂಪ್‌ಸೆಟ್ ಮಾರ್ಗದ ಮೇಲೆ ವಾಸವಿರುವ ಕುಟುಂಬಗಳೆಷ್ಟು? ಅವುಗಳಲ್ಲಿ ಶಾಲೆಗೆ ಹೋಗುವ ಮಕ್ಕಳೆಷ್ಟು?
2. ಈಗಾಗಲೇ ಹಾಕಿದ ಸೌರದೀಪ, ಸೌರ ಬೀದಿದೀಪಗಳಲ್ಲಿ ಇಂದು ಉರಿಯುತ್ತಿರುವುದು ಎಷ್ಟು? ಉಳಿದವು ಕೆಟ್ಟದ್ದು ಫಲಕದಿಂದಲೋ, ಬ್ಯಾಟರಿಯಿಂದಲೋ, ನೋಡಿಕೊಳ್ಳುವವರಿಲ್ಲದೆಯೋ?
3. ಘಟಕ ಕೊಳ್ಳಲು ಸಲಹೆ ಕೇಳಿ ಬಂದ ಕುಟುಂಬದಿಂದ 12 ತಿಂಗಳ ಬಿಲ್ಲು ತರಿಸಿ ನೋಡುವ ಹೊಣೆಯನ್ನು ಪಂಚಾಯತಿಯಲ್ಲಿ ಯಾರು ವಹಿಸಿಕೊಳ್ಳುತ್ತಾರೆ?
4. ಕಳೆದ ವರ್ಷ ನೀಡಿದ ಕಟ್ಟಡ ಪರವಾನಿಗೆಗಳಲ್ಲಿ ಎಷ್ಟು ಮನೆಗಳ ಸ್ಲ್ಯಾಬ್‌ನಲ್ಲಿ ಕೇಬಲ್ ಪೈಪಿಗೆ ಜಾಗ ಬಿಡಲಾಗಿದೆ?

ಈ ಪ್ರಶ್ನೆಗಳಿಗೆ ಉತ್ತರಗಳನ್ನು ಠರಾವು ಪುಸ್ತಕದಲ್ಲಿ ಬರೆದಿಟ್ಟು, ಆರು ತಿಂಗಳ ಬಳಿಕ ಅದೇ ಪುಟವನ್ನು ತೆರೆದು ಹೋಲಿಸಿ ನೋಡುವುದು.